ಡಾಕ್ಟ್ರನ್ನ ಕೇಳಿ: ಹಿತ್ತಲಿಗೆ ನುಗ್ಗೋ ಕಾಡುಪ್ರಾಣಿಗಳು

ಡಾಕ್ಟರ್: ನಮಸ್ಕಾರ ಎಲ್ರಿಗೂ. ನಾನು ಕಾಡುಪ್ರಾಣಿಗಳಿಗೆ ಚಿಕಿತ್ಸೆ ಮಾಡೋ ಪಶುವೈದ್ಯ, ತೋಟಗಾರಿಕೆ ಬರಲ್ಲ, ನಮ್ಮನೆ ಗುಲಾಬಿ ಒಣಗಿ ವರ್ಷ ಆಯ್ತು. ಪ್ರಾಣಿ ಯಾವ್ದು, ಯಾವ ಹೊತ್ತಿಗೆ ಬರುತ್ತೆ, ಏನು ತಿನ್ನುತ್ತೆ ಅಂತ ಬರೀರಿ. ಸುಮ್ನೆ "ಕಾಟ ಜಾಸ್ತಿ" ಅಂದ್ರೆ ಏನೂ ಹೇಳಕ್ಕಾಗಲ್ಲ.

ತಾರಸಿ ತೋಟ: ಸರ್ ಮಂಗಗಳು. ಟೊಮೇಟೊ ಕಾಯಿ ಇರುವಾಗ್ಲೇ ಕಿತ್ತು ಒಂದ್ಸಲ ಕಚ್ಚಿ ಎಸೀತವೆ. ರಬ್ಬರ್ ಹಾವು ಇಟ್ಟೆ. ಮೂರು ದಿನ ಹೆದರಿದ್ವು, ನಾಲ್ಕನೇ ದಿನ ಅದನ್ನೇ ಎಳೆದಾಡ್ತಾ ಕೂತಿದ್ವು.

ಡಾಕ್ಟರ್: ಗೊಂಬೆ, ಹಳೇ ಸಿಡಿ, ಹುಲಿ ಕೂಗಿನ ರೆಕಾರ್ಡಿಂಗ್, ಎಲ್ಲದರದ್ದೂ ಅದೇ ಹಣೆಬರಹ. ಇದ್ರಿಂದ ಏನೂ ಆಗಲ್ಲ ಅಂತ ಗೊತ್ತಾಗೋವರೆಗೆ ಹೆದರ್ತವೆ ಅಷ್ಟೇ. ತಾರಸಿ ಚಿಕ್ಕದಿದ್ರೆ ಮೇಲೆ, ಪಕ್ಕ ಎಲ್ಲಾ ತಂತಿ ಜಾಲರಿ ಹಾಕಿ ನೀವೇ ಪಂಜರದೊಳಗೆ ಸೇರ್ಕೊಳ್ಳಿ. ಅಕ್ಕಪಕ್ಕದಲ್ಲಿ ಯಾರಾದ್ರೂ ದಿನಾ ತಿನ್ನೋಕೆ ಹಾಕ್ತಿದ್ರೆ ಮೊದ್ಲು ಅವರ ಹತ್ರ ಮಾತಾಡಿ, ಅದು ನಿಲ್ಲದೆ ಇದ್ಯಾವ್ದೂ ನಿಲ್ಲಲ್ಲ. ಎದುರು ಸಿಕ್ರೆ ಕಣ್ಣಲ್ಲಿ ಕಣ್ಣಿಡ್ಬೇಡಿ, ಹಲ್ಲು ಬಿಟ್ಟು ನಗ್ಬೇಡಿ, ಅವಕ್ಕೆ ಅದು ಜಗಳಕ್ಕೆ ಕರೆದ ಹಾಗೆ.

ಸೀಬೆ ಗಿಡ: ನವಿಲಿಗೆ ಏನ್ ಮಾಡೋದು ಸರ್? ಮೊಳಕೆ ಬರೋದೇ ತಡ ಚಿವುಟಿ ಹಾಕ್ತವೆ.

ಮಲ್ಲಿಗೆ ಚಪ್ಪರ: ಫಾರ್ವರ್ಡ್ ಬಂದಿದ್ದು, ಎಲ್ರೂ ಓದಿ 🙏 ಖಾರದಪುಡಿ + ಬೆಳ್ಳುಳ್ಳಿ + ನುಸಿಗುಳಿಗೆ ಪುಡಿ ಮಾಡಿ ಬೇಲಿ ಸುತ್ತ ಚೆಲ್ಲಿದ್ರೆ ಹಾವು, ಹಂದಿ, ಹಕ್ಕಿ ಯಾವ್ದೂ ಹತ್ರ ಸುಳಿಯಲ್ಲವಂತೆ.

ಡಾಕ್ಟರ್: ದಯವಿಟ್ಟು ಮಾಡ್ಬೇಡಿ. ಹಕ್ಕಿಗಳಿಗೆ ಮೆಣಸಿನ ಖಾರ ತಾಗೋದೇ ಇಲ್ಲ, ಗಿಣಿ ಹಸಿಮೆಣಸಿನಕಾಯಿ ತಿನ್ನೋದು ನೋಡಿಲ್ವಾ? ಹಂದಿಗೆ ತಾಗುತ್ತೆ, ಆದ್ರೆ ಒಂದು ಮಳೆ ಬಂದ್ರೆ ಮುಗೀತು. ನುಸಿಗುಳಿಗೆ ವಿಷ. ಮಕ್ಕಳು ಪೆಪ್ಪರ್‌ಮಿಂಟ್ ಅಂದ್ಕೊಂಡು ನುಂಗಿದ್ರೆ ರಕ್ತದ ಕೆಂಪುಕಣಗಳು ಒಡೆಯೋ ಅಪಾಯ ಇದೆ. ಹಾವು ಅದರ ಪಕ್ಕದಲ್ಲೇ ಹರಿದು ಹೋಗುತ್ತೆ. ಹಾವು ಬರೋದು ಇಲಿ, ಕಪ್ಪೆ ಹುಡ್ಕೊಂಡು. ಸೌದೆ ರಾಶಿ, ಇಟ್ಟಿಗೆ ರಾಶಿ ತೆಗೀರಿ, ಇಲಿ ಬಿಲ ಮುಚ್ಚಿ.

ಗೆಡ್ಡೆ ಗೆಣಸು: ಮುಳ್ಳುಹಂದಿ ಬೇಲಿ ಕೆಳಗೆ ತೋಡಿ ಬಂದು ಗೆಡ್ಡೆ ಎಲ್ಲಾ ಖಾಲಿ ಮಾಡ್ತಿದೆ. ಪ್ಲಾಸ್ಟಿಕ್ ಬಲೆ ಕಡಿದು ಹಾಕ್ತು.

ಡಾಕ್ಟರ್: ಅದು ಇಲಿ ಜಾತಿಯ ಪ್ರಾಣಿ, ಕಡಿಯದೆ ಬಿಡುತ್ತಾ? ದಪ್ಪ ಕಬ್ಬಿಣದ ಜಾಲರಿನ ಒಂದಡಿ ಮಣ್ಣೊಳಗೆ ಹೂತು, ತುದೀನ ಹೊರಗಡೆಗೆ ಇನ್ನೊಂದಡಿ ಮಡಚಿ ಮಲಗ್ಸಿ. ಬೇಲಿ ಬುಡದಲ್ಲಿ ತೋಡೋಕೆ ಶುರು ಮಾಡಿದ್ರೆ ಜಾಲರಿನೇ ಸಿಗ್ಬೇಕು.

ಮುಳ್ಳುಬೇಲಿ: ಹತ್ರ ಹೋಗ್ಬೇಡಿ, ಮುಳ್ಳು ಬಾಣದ ಹಾಗೆ ಬಿಡುತ್ತೆ.

ಗೆಡ್ಡೆ ಗೆಣಸು: ಬಿಡಲ್ಲ ಗುರೂ, ಹಿಮ್ಮುಖವಾಗಿ ಓಡ್ಬಂದು ಚುಚ್ಚುತ್ತೆ.

ಮುಳ್ಳುಬೇಲಿ: ನಾನು ಕಣ್ಣಾರೆ ನೋಡಿದೀನಿ.

ಗೆಡ್ಡೆ ಗೆಣಸು: ಯಾವ ಕಣ್ಣಲ್ಲಿ?

ಡಾಕ್ಟರ್: ಬಾಣ ಬಿಡಲ್ಲ. ಮುಂದಿನ ಪ್ರಶ್ನೆ.

ಹಿತ್ತಲಮನೆ: ಸರ್ ನಮ್ಮಲ್ಲಿ ಒಂದು ನರಿ ಬರ್ತಿದೆ. ಮೊದ್ಲು ರಾತ್ರಿ ಬರ್ತಿತ್ತು, ಈ ವಾರ ಹಗಲಲ್ಲೇ. ಓಡಿಸಿದ್ರೂ ಹೋಗಲ್ಲ, ಸುಮ್ನೆ ನಿಂತಿರುತ್ತೆ, ಹಿಂಗಾಲು ಎಳ್ಕೊಂಡು ನಡೆಯುತ್ತೆ ಪಾಪ. ಸೊಪ್ಪಿನ ಮಡಿ ಎಲ್ಲಾ ತುಳಿದು ಹಾಕಿದೆ. ಮೊನ್ನೆ ನಾಯಿಮರಿ ಮೇಲೆ ಬಿತ್ತು, ಬಿಡಿಸೋಕೆ ಹೋದ ಮಗನ ಕೈ ಸ್ವಲ್ಪ ತರಚಿದೆ ಅಷ್ಟೇ. ಯಾವ ಗಿಡ ನೆಟ್ರೆ ನರಿ ಬರಲ್ಲ?

ಡಾಕ್ಟರ್: ಮೇಡಂ, ಸೊಪ್ಪಿನ ಮಡಿ ಆಮೇಲೆ. ತರಚಿದ ಕಡೆ ರಕ್ತ ಬಂದಿತ್ತಾ? ಹಲ್ಲಾ, ಉಗುರಾ? ನೀವು ಉತ್ತರ ಬರೆಯೋವರೆಗೂ ನಾನು ಕಾಯಲ್ಲ, ಈಗ್ಲೇ ಹೇಳ್ತೀನಿ. ಹಗಲಲ್ಲಿ ಮನುಷ್ಯರ ಹೆದರಿಕೆ ಇಲ್ಲದೆ ಓಡಾಡೋ, ಕಾಲು ಎಳೆಯೋ, ಕಾರಣ ಇಲ್ಲದೆ ನಾಯಿ ಮೇಲೆ ಬೀಳೋ ನರಿ ಅಂದ್ರೆ ಮೊದ್ಲು ಯೋಚನೆ ಮಾಡ್ಬೇಕಾದ್ದು ರೇಬೀಸ್. ಡಿಸ್ಟೆಂಪರ್ ಅಂತ ಇನ್ನೊಂದು ವೈರಸ್ ಬಂದ್ರೂ ಹೀಗೇ ಆಡ್ತವೆ, ಅದು ಮನುಷ್ಯರಿಗೆ ಅಪಾಯ ಅಲ್ಲ, ಆದ್ರೆ ನೋಡಿ ಹೇಳಕ್ಕಾಗಲ್ಲ, ನನ್ನ ಕೈಲೂ ಆಗಲ್ಲ, ಸತ್ತ ಮೇಲೆ ಮಿದುಳು ಪರೀಕ್ಷೆ ಮಾಡಿದ್ರೇ ಗೊತ್ತಾಗೋದು. ಅದಕ್ಕೇ ಯಾರೂ ಅದರ ತಲೆಗೆ ಹೊಡೀಬೇಡಿ, ಹತ್ರಾನೂ ಹೋಗ್ಬೇಡಿ, ಅರಣ್ಯ ಇಲಾಖೆಗೆ ಫೋನ್ ಮಾಡಿ.

ಮಗನ ಗಾಯನ ಹರಿಯೋ ನೀರಲ್ಲಿ ಸೋಪು ಹಾಕಿ 15 ನಿಮಿಷ ತೊಳೀರಿ, ಗಡಿಯಾರ ನೋಡ್ಕೊಂಡು. ಮೊನ್ನೆ ಆಗಿದ್ದು ಅಂತ ಬಿಡ್ಬೇಡಿ. ಆಮೇಲೆ ಇವತ್ತೇ, ನಾಳೆ ಅಲ್ಲ, ಆಸ್ಪತ್ರೆ. ರಕ್ತ ಬಂದಿದ್ರೆ ಲಸಿಕೆ ಒಂದೇ ಸಾಲಲ್ಲ, ಗಾಯದ ಸುತ್ತ ಇಮ್ಯುನೋಗ್ಲೋಬ್ಯುಲಿನ್ ಅಂತ ಇನ್ನೊಂದು ಇಂಜೆಕ್ಷನ್ ಕೊಡ್ತಾರೆ, "ಕಾಡುಪ್ರಾಣಿ" ಅಂತ ನೀವೇ ಬಾಯಿ ಬಿಟ್ಟು ಹೇಳಿ. ಹುಡುಗ ಆಡ್ಕೊಂಡು ಚೆನ್ನಾಗಿದಾನೆ ಅಂತ ನೋಡ್ಬೇಡಿ, ವೈರಸ್ ನರದ ದಾರೀಲಿ ನಿಧಾನಕ್ಕೆ ಮಿದುಳಿಗೆ ಹೋಗುತ್ತೆ, ವಾರಗಳು, ತಿಂಗಳುಗಳೂ ಹಿಡಿಯುತ್ತೆ. ಲಸಿಕೆ ಕೆಲಸ ಮಾಡೋದು ಆ ಸಮಯದಲ್ಲೇ. ಲಕ್ಷಣ ಶುರುವಾದ ಮೇಲೆ ಉಳಿಸೋಕೆ ನಮ್ಮ ಹತ್ರ ಏನೂ ಇಲ್ಲ.

ನಿವೃತ್ತ ಮೇಷ್ಟ್ರು: ಇಷ್ಟೊಂದು ಹೆದರಿಸಬೇಕಾಗಿಲ್ಲ. ಸುಣ್ಣ ಅರಿಶಿನ ಮೆತ್ತಿ, ಹತ್ತು ದಿನ ನೋಡಿ. ಹಿಂದಿನವರೆಲ್ಲ ಹಾಗೇ ಮಾಡ್ತಿದ್ದರು.

ತಾರಸಿ ತೋಟ: ಹಿಂದಿನವರಲ್ಲಿ ಎಷ್ಟು ಜನ ಸತ್ರು ಅಂತ ಲೆಕ್ಕ ಇಟ್ಟಿದೀರಾ ಮೇಷ್ಟ್ರೇ?

ನಿವೃತ್ತ ಮೇಷ್ಟ್ರು: ಹಿರಿಯರ ಹತ್ತಿರ ಹೇಗೆ ಮಾತಾಡಬೇಕು ಅಂತ ಮೊದಲು ಕಲಿಯಿರಿ.

ಡಾಕ್ಟರ್: ಗಾಯಕ್ಕೆ ಸುಣ್ಣ, ಅರಿಶಿನ, ಖಾರದಪುಡಿ ಏನೂ ಹಚ್ಚಬಾರದು. ಹತ್ತು ದಿನ ಕಾದು ನೋಡೋ ಲೆಕ್ಕ ನಾಯಿ ಬೆಕ್ಕಿಗೆ ಇರೋದು, ಅದೂ ಲಸಿಕೆ ಶುರು ಮಾಡಿ ಪ್ರಾಣಿನ ಕಟ್ಟಿಹಾಕಿ. ನರಿಗೆ ಅನ್ವಯಿಸಲ್ಲ. ಮೇಷ್ಟ್ರೇ, ದಯವಿಟ್ಟು ಆ ಮೆಸೇಜ್ ಅಳಿಸಿ.

ಮುಳ್ಳುಬೇಲಿ: ಇದಕ್ಕೆಲ್ಲ ಒಂದೇ ಉತ್ತರ, ಬೇಲಿಗೆ ಮನೆ ಲೈನಿಂದ ಕರೆಂಟ್ ಕೊಡಿ. ನಾನು ಕೊಟ್ಟಿದೀನಿ, ಒಂದು ಪ್ರಾಣಿನೂ ಬಂದಿಲ್ಲ.

ಗೆಡ್ಡೆ ಗೆಣಸು: ನಿಮ್ಮನೆಗೆ ಹಾಲು ಹಾಕೋ ಹುಡುಗ ಬರ್ತಾನಲ್ಲ, ಅವನು?

ಮುಳ್ಳುಬೇಲಿ: ರಾತ್ರಿ ಮಾತ್ರ ಹಾಕೋದು. ನಿನಗ್ಯಾಕೆ?

ಡಾಕ್ಟರ್: ಈಗ್ಲೇ ಎದ್ದು ಹೋಗಿ ತೆಗೀರಿ. ಬೇಲಿಗೆ ಅಂತಲೇ ಮಾಡಿರೋ ಯಂತ್ರ ಸೆಕೆಂಡಿಗೊಂದರಂತೆ ಕ್ಷಣಮಾತ್ರದ ಹೊಡೆತ ಕೊಟ್ಟು ಬಿಡುತ್ತೆ, ಆ ಮಧ್ಯೆ ಪ್ರಾಣಿ ಬಿಡಿಸ್ಕೊಂಡು ಓಡುತ್ತೆ. ಮನೆ ಲೈನ್ ಬಿಡೋದೇ ಇಲ್ಲ, ಸ್ನಾಯು ಬಿಗಿದು ಹಿಡಿದ ಕೈ ಬಿಡಿಸೋಕಾಗಲ್ಲ. ಅದು ಬೇಲಿ ಅಲ್ಲ, ಕೊಲೆ.

ಮುಳ್ಳುಬೇಲಿ: ಸಲಹೆ ಕೊಟ್ರೆ ಕೊಲೆಗಾರ ಅಂತೀರಲ್ಲ, ಭಲೇ ಡಾಕ್ಟ್ರು.

ಸೀಬೆ ಗಿಡ: ನವಿಲು ಸರ್??

ಮಾವಿನ ನೆರಳು: ಬಾವಲಿಗೆ ಮರಕ್ಕೆ ಬಲೆ ಹಾಕಬಹುದಾ?

ಡಾಕ್ಟರ್: ಹಾಕಿ, ಬಿಗಿಯಾಗಿ. ಕಿರುಬೆರಳು ತೂರೋ ಕಣ್ಣಿನ ಬಲೆ ಬೇಡ, ಸಿಕ್ಕಿ ರೆಕ್ಕೆ ಹರ್ಕೊಳ್ತವೆ. ಕಚ್ಚಿದ ಹಣ್ಣು ತಿನ್ಬೇಡಿ. ಸಿಕ್ಕಿಬಿದ್ದಿದ್ದನ್ನ ಬರಿಗೈಲಿ ಮುಟ್ಬೇಡಿ.

ಹೊಸ ಸದಸ್ಯೆ: ಸರ್ ನುಸಿಗುಳಿಗೆ ಹಾಕಿದ್ರೆ ಹಾವು ಬರಲ್ಲ ಅಲ್ವಾ?

ಡಾಕ್ಟರ್: ಬರುತ್ತೆ. ಮೇಲೆ ಓದಿ.

ಮಲ್ಲಿಗೆ ಚಪ್ಪರ: ಫಿನಾಯಿಲ್ ಹಾಕಿದ್ರೆ?

ಡಾಕ್ಟರ್: ಮೇಲೆ ಓದಿ ಅಂದೆ. ಫಿನಾಯಿಲ್ ನಿಮ್ಮನೆ ಬೆಕ್ಕಿಗೆ ವಿಷ. ಹಿತ್ತಲಮನೆ ಮೇಡಂ, ಎಲ್ಲಿದೀರಿ?

ಹಿತ್ತಲಮನೆ: ಆಸ್ಪತ್ರೇಲಿ ಸರ್. ಹಲ್ಲಿನ ಗುರುತು ಅಂದ್ರು, ಎರಡೂ ಇಂಜೆಕ್ಷನ್ ಕೊಟ್ರು. ಮುಂದಿನ ತಾರೀಕು ಚೀಟಿ ಮೇಲೆ ಬರೆದಿದಾರೆ. ನಾಯಿಮರಿಗೆ ಇನ್ನೂ ಲಸಿಕೆ ಹಾಕ್ಸಿಲ್ಲ.

ಡಾಕ್ಟರ್: ಒಂದು ತಾರೀಕೂ ತಪ್ಪಿಸ್ಬೇಡಿ. ಮರೀನ ಮಕ್ಕಳ ಕೈಗೆ ಸಿಗದ ಹಾಗೆ ಬೇರೆ ಕೂಡಿಹಾಕಿ, ಬರಿಗೈಲಿ ಮುಟ್ಬೇಡಿ, ನಾಳೆ ಬೆಳಗ್ಗೆ ಪಶುವೈದ್ಯರಿಗೆ ಫೋನ್ ಮಾಡಿ ನರಿ ಕಚ್ಚಿದೆ ಅಂತ ಹೇಳಿಯೇ ಕರ್ಕೊಂಡು ಹೋಗಿ. ಇನ್ನು ನಿಮ್ಮ ಪ್ರಶ್ನೆ: ನರಿ ಓಡಿಸೋ ಗಿಡ ಯಾವ್ದೂ ಇಲ್ಲ. ಮರಿ ತಿಂದುಳಿದ ತಟ್ಟೆ ರಾತ್ರಿ ಹೊರಗೆ ಇಡ್ತೀರಾ?

ಹಿತ್ತಲಮನೆ: ಹೂಂ ಸರ್, ಅಲ್ಲೇ ಇರುತ್ತೆ.

ಡಾಕ್ಟರ್: ಅದನ್ನ ಒಳಗಿಡಿ.