ಕಂಬಿಗೆ ಜೋತುಬಿದ್ದು ಸಾಗುವ ಮುಸುಕುಧಾರಿಗಳು: ಆ ವಿಡಿಯೋ ಎಲ್ಲಿಂದ ಬರುತ್ತದೆ?

ಸಂಜೆಸುದ್ದಿ (ಪ್ರಶ್ನೆ):
ಎಲ್ಲೇ ಸ್ಫೋಟವಾಗಲಿ, ಯಾರನ್ನೇ ಬಂಧಿಸಲಿ, ಟಿವಿಯಲ್ಲಿ ಅದೇ ದೃಶ್ಯ. ಮುಖಕ್ಕೆ ಮುಸುಕು, ಕಂಬಿಗೆ ಜೋತುಬಿದ್ದು ಸಾಗುವ ಗಂಡಸರು, ಮಣ್ಣಲ್ಲಿ ತೆವಳುವುದು, ಬಂದೂಕು ಹಿಡಿದು ಓಡುವುದು. ಕೆಳಗೆ 'ಉಗ್ರರ ತರಬೇತಿ' ಅನ್ನುವ ಕೆಂಪು ಪಟ್ಟಿ. ಯಾವ ದೇಶ, ಯಾವ ವರ್ಷ ಅಂತ ಒಂದಕ್ಷರ ಇಲ್ಲ. ನಮ್ಮತ್ತೆ ಇದನ್ನು ದಿನಾ ನೋಡುತ್ತಾರೆ. ಈಗ ಜನ ಸೇರುವ ಜಾಗಕ್ಕೆ ನಮ್ಮನ್ನೂ ಹೋಗಲು ಬಿಡುತ್ತಿಲ್ಲ. ಆ ವಿಡಿಯೋಗೂ ಆ ದಿನದ ಸುದ್ದಿಗೂ ನಿಜವಾಗಿ ಸಂಬಂಧ ಇರುತ್ತದಾ? 'ಟಿವಿ ಆಫ್ ಮಾಡಿ' ಅನ್ನುವ ಉತ್ತರ ಬೇಡ, ಅದು ನಮ್ಮ ಮನೆಯಲ್ಲಿ ಆಗುವ ಮಾತಲ್ಲ.

ಹಳೇಎಡಿಟರ್:
ನಾನು ಸುದ್ದಿ ಚಾನೆಲ್ ಒಂದರಲ್ಲಿ ವಿಡಿಯೋ ಎಡಿಟರ್ ಆಗಿದ್ದವನು. ಬಹಳಷ್ಟು ಸಲ ಸಂಬಂಧ ಇರುವುದಿಲ್ಲ.

ಸುದ್ದಿ ಬರುವುದು ಒಂದು ಸಾಲಿನಲ್ಲಿ: 'ಇಂಥ ಕಡೆ ಇಬ್ಬರ ಬಂಧನ'. ದೃಶ್ಯವೇ ಇಲ್ಲ. ಆದರೆ ವಾಯ್ಸ್ ಓವರ್ (ದೃಶ್ಯದ ಹಿಂದೆ ಓದುವ ಸುದ್ದಿ) ಒಂದೂವರೆ ನಿಮಿಷ ಇದೆ, ಪರದೆ ಖಾಲಿ ಬಿಡುವ ಹಾಗಿಲ್ಲ. ಲೈಬ್ರರಿಯಲ್ಲಿ 'ಟೆರರಿಸ್ಟ್ ಟ್ರೇನಿಂಗ್' ಅಂತ ಹುಡುಕಿದರೆ ಸಿಗುವುದು ಅದೇ ನಾಲ್ಕೈದು ತುಣುಕು. ಅದನ್ನೇ ಸ್ಲೋ ಮಾಡಿ, ಲೂಪ್ ಹಾಕಿ, ಹಿಂದೆ ಢಂ ಢಂ ಸಂಗೀತ ಕೂರಿಸಿದರೆ ಪ್ಯಾಕೇಜ್ ರೆಡಿ. 'ಸಂಗ್ರಹ ಚಿತ್ರ' ಅಂತ ಬರೆಯಬೇಕು. ಬರೆಯುತ್ತಾರೆ ಕೂಡ, ಕಣ್ಣಿಗೆ ಕಾಣದಷ್ಟು ಸಣ್ಣದಾಗಿ.

ಆ ಕಂಬಿಯ ದೃಶ್ಯ ನಾನು ಅಂದುಕೊಂಡದ್ದೇ ಆಗಿದ್ದರೆ, ಅದು ಅಫ್ಘಾನಿಸ್ತಾನದ ಅಲ್ ಖೈದಾ ಶಿಬಿರದ್ದು, 2001ರ ಸೆಪ್ಟೆಂಬರ್ 11ರಂದು (9/11) ಅಮೆರಿಕದಲ್ಲಿ ವಿಮಾನ ನುಗ್ಗಿಸಿ ನಡೆಸಿದ ದಾಳಿಗಿಂತ ಹಿಂದಿನದು. ತೆಗೆದವರು ಯಾವ ವರದಿಗಾರರೂ ಅಲ್ಲ, ಅವರದೇ ಜನ. ಅಲ್ ಖೈದಾಗೆ ಅಸ್ ಸಹಾಬ್ ಅನ್ನುವ ಸ್ವಂತ ವಿಡಿಯೋ ವಿಭಾಗವೇ ಇತ್ತು. ಹೊಸಬರನ್ನು ಸೆಳೆಯಲಿಕ್ಕೆ, ಎದುರಾಳಿಯನ್ನು ಹೆದರಿಸಲಿಕ್ಕೆ ಮಾಡಿದ ಜಾಹೀರಾತು ಅದು. ಚಾನೆಲ್‌ಗಳು ಅದನ್ನು ಇಷ್ಟು ವರ್ಷ ಪುಕ್ಕಟೆ ಓಡಿಸಿದವು.

ಇನ್ನೊಂದು ವಿಷಯ. 9/11 ತನಿಖಾ ಆಯೋಗದ ವರದಿ ಪ್ರಕಾರ 1996ರಿಂದ 2001ರ ತನಕ ಬಿನ್ ಲಾಡೆನ್ ಬೆಂಬಲದ ಶಿಬಿರಗಳಲ್ಲಿ ಅಂದಾಜು 10,000ದಿಂದ 20,000 ಮಂದಿ ತರಬೇತಿ ಪಡೆದರು. ಅವರಲ್ಲಿ ಭಯೋತ್ಪಾದನೆಯ ಮುಂದಿನ ತರಬೇತಿಗೆ ಹೋದವರು ತೀರಾ ಕಡಿಮೆ. ವಿಮಾನ ನುಗ್ಗಿಸಿದವರು ವಿಮಾನ ಕಲಿತದ್ದು ಎಲ್ಲಿ? ಅಮೆರಿಕದ ಸಾಮಾನ್ಯ ತರಬೇತಿ ಶಾಲೆಗಳಲ್ಲಿ, ಫೀಸು ಕಟ್ಟಿ. ತರಗತಿಯಲ್ಲಿ ಕೂತು ಪಾಠ ಕೇಳುವವನನ್ನು ತೋರಿಸಿದರೆ ಯಾರು ನೋಡುತ್ತಾರೆ? ಕಂಬಿಗೆ ಜೋತುಬಿದ್ದವನೇ ಬೇಕು.

ಅಂಕಿಗಿಂಕಿ:
ನಿಮ್ಮತ್ತೆಯವರ ಭಯ ವಿಚಿತ್ರವೇನಲ್ಲ. 2013ರ ಬಾಸ್ಟನ್ ಮ್ಯಾರಥಾನ್ ಸ್ಫೋಟದ ನಂತರ ಅಮೆರಿಕದಲ್ಲಿ ಒಂದು ಅಧ್ಯಯನ ನಡೆಯಿತು. ಮುಂದಿನ ವಾರ ದಿನಕ್ಕೆ 6 ಗಂಟೆ ಅಥವಾ ಹೆಚ್ಚು ಹೊತ್ತು ಅದೇ ಸುದ್ದಿಯಲ್ಲಿ ಮುಳುಗಿದವರಲ್ಲಿ, ಸ್ಫೋಟದ ಜಾಗದಲ್ಲೇ ಇದ್ದವರಿಗಿಂತ ಒತ್ತಡದ ಲಕ್ಷಣಗಳು ಜಾಸ್ತಿ ಕಂಡವು. (ಮೊದಲೇ ಹೆದರಿದವರು ಜಾಸ್ತಿ ನೋಡಿರಬಹುದು ಅನ್ನುವ ತಕರಾರು ಇದ್ದೇ ಇದೆ.) ಭಯಕ್ಕೆ ಬೆಲೆಯೂ ಇದೆ. 2001ರ ದಾಳಿಯ ನಂತರ ಅಮೆರಿಕದ ಎಷ್ಟೋ ಜನ ವಿಮಾನ ಬಿಟ್ಟು ಕಾರು ಹತ್ತಿದರು. ಆ ಒಂದು ವರ್ಷದಲ್ಲಿ ಇದರಿಂದ ರಸ್ತೆಯಲ್ಲಿ ಸುಮಾರು 1,500 ಮಂದಿ ಹೆಚ್ಚಾಗಿ ಸತ್ತರು ಅಂತ ಮನಶ್ಶಾಸ್ತ್ರಜ್ಞ ಗರ್ಡ್ ಗಿಗರೆಂಜರ್ ಲೆಕ್ಕ ಹಾಕಿದ್ದಾರೆ.

ನೇರಮಾತು:
ಎಲ್ಲಾ ಸರಿ ಸ್ವಾಮಿ. ಆದರೆ ಶಿಬಿರಗಳು ಇದ್ದದ್ದು ನಿಜ, ಜನ ಸತ್ತದ್ದೂ ನಿಜ. ತೋರಿಸಲೇಬಾರದು ಅಂತೀರಾ? ಮುಚ್ಚಿಟ್ಟರೆ 'ಏನೋ ಮುಚ್ಚಿಡುತ್ತಿದ್ದಾರೆ' ಅಂತ ಇನ್ನೂ ಹೆದರುತ್ತಾರೆ.

ಹಳೇಎಡಿಟರ್:
ತೋರಿಸಬೇಡಿ ಅಂತ ನಾನು ಹೇಳಲೇ ಇಲ್ಲ. 2002ರ ಆಗಸ್ಟ್‌ನಲ್ಲಿ ಸಿಎನ್‌ಎನ್, ಅಫ್ಘಾನಿಸ್ತಾನದಲ್ಲಿ ಸಿಕ್ಕಿದ 64 ಅಲ್ ಖೈದಾ ಟೇಪುಗಳಿಂದ ಆಯ್ದ ಭಾಗ ಪ್ರಸಾರ ಮಾಡಿತು. ನಾಯಿಗಳ ಮೇಲೆ ವಿಷದ ಅನಿಲ ಪ್ರಯೋಗಿಸಿದ್ದು ಅದರಲ್ಲಿತ್ತು. ನೋಡಲಿಕ್ಕೆ ಆಗದ ದೃಶ್ಯ. ಆದರೂ ಆ ಟೇಪು ಎಲ್ಲಿ ಸಿಕ್ಕಿತು ಅಂತ ಹೇಳಿದರು, ಪರಿಣತರಿಗೆ ತೋರಿಸಿ ಅದರಲ್ಲಿ ಏನಿದೆ ಅಂತ ವಿವರಿಸಿದರು. ಅಲ್ಲಿ ಆ ವಿಡಿಯೋನೇ ಸುದ್ದಿ. ನಾನು ಬೈಯುತ್ತಿರುವುದು ಬೇರೆ ಯಾವುದೋ ಬಂಧನದ ಸುದ್ದಿಗೆ ಅದೇ ವಿಡಿಯೋನ ಗೋಡೆ ಪೇಪರ್ ಥರ ಅಂಟಿಸುವುದನ್ನು. ಆರೋಪಿಯ ಮೇಲೆ ಇನ್ನೂ ಚಾರ್ಜ್‌ಶೀಟ್ ಕೂಡ ಆಗಿರುವುದಿಲ್ಲ. ಅಷ್ಟರಲ್ಲಿ ಪಕ್ಕದಲ್ಲಿ ಮುಸುಕಿನವರು ತೆವಳುತ್ತಿರುತ್ತಾರೆ. ನೋಡುವವರ ತಲೆಯಲ್ಲಿ ಎರಡೂ ಒಂದಾಗಿಬಿಡುತ್ತವೆ.

ಸಂಜೆಸುದ್ದಿ:
ಥ್ಯಾಂಕ್ಸ್. ಇವತ್ತು ಅತ್ತೆಯ ಜೊತೆ ಕೂತು ನೋಡುವಾಗ ಗಮನಿಸುತ್ತೇನೆ. ಒಂದು ಅನುಮಾನ: ಕೆಲವು ವಿಡಿಯೋಗಳ ಮೂಲೆ ಮಸುಕಾಗಿರುತ್ತದಲ್ಲಾ, ಅದು ಯಾಕೆ?

ಹಳೇಎಡಿಟರ್:
ಅಲ್ಲಿ ಆ ಗುಂಪಿನ ಲಾಂಛನ ಇರುತ್ತದೆ. ಪ್ರಚಾರ ಕೊಡಬಾರದು ಅಂತ ಮಸುಕು ಮಾಡುತ್ತಾರೆ. ನಾನಿದ್ದ ಕಡೆ ಅದರ ಮೇಲೆ ಚಾನೆಲ್‌ನ ಲೋಗೋ ಕೂರಿಸುತ್ತಿದ್ದರು. ಉದ್ದೇಶ ಒಳ್ಳೆಯದೇ ಇರಬಹುದು. ಆದರೆ ಇದನ್ನು ತೆಗೆದದ್ದು ಯಾರು ಅಂತ ನೋಡುವವರಿಗೆ ತಿಳಿಸುವ ಗುರುತು ಅದೊಂದೇ, ಅದೂ ಹೋಯಿತು. ಲಾಂಛನ ಮುಚ್ಚಲಿ, ಬೇಡ ಅನ್ನಲ್ಲ. ಪಕ್ಕದಲ್ಲಿ 'ಇದು ಆ ಗುಂಪೇ ಮಾಡಿದ ವಿಡಿಯೋ, ಇಂಥ ವರ್ಷದ್ದು' ಅಂತ ದಪ್ಪಕ್ಷರದಲ್ಲಿ ಬರೆಯಲಿಕ್ಕೆ ಏನು ಕಷ್ಟ? ಕೆಂಪು ಪಟ್ಟಿಗೆ ಜಾಗ ಇದೆಯಲ್ಲಾ.