ಕುಂಡದಲ್ಲಿ ಬಿತ್ತಿದ ಕರಿಜಾಲಿ ಬೀಜ ಮೊಳೆಯುತ್ತಿಲ್ಲ, ದಯವಿಟ್ಟು ತಿಳಿಸಿ

ಪ್ರಶ್ನೆ (ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ಹೊಳಲ್ಕೆರೆ ತಾಲ್ಲೂಕಿನಲ್ಲಿರುವ ನಮ್ಮ ತಂದೆಯವರ ಹೊಲದ ಬದುವಿನಲ್ಲಿ ಹಿಂದೆ ಸಾಲಾಗಿ ಕರಿಜಾಲಿ ಮರಗಳಿದ್ದವು. ನೇಗಿಲು, ಕುಂಟೆ, ಗಾಡಿಯ ಗುಂಬ ಎಲ್ಲಕ್ಕೂ ಅವೇ ಒದಗುತ್ತಿದ್ದವು. ಈಗ ಒಂದೂ ಉಳಿದಿಲ್ಲ. ಅವನ್ನು ಮತ್ತೆ ಬೆಳೆಸಬೇಕೆಂಬ ಆಸೆಯಿಂದ ಬೇಸಿಗೆಯಲ್ಲಿ ಭೀಮಸಮುದ್ರದ ಕಡೆಯಿಂದ ಒಣಗಿದ ಕಾಯಿಗಳನ್ನು ಆರಿಸಿ ತಂದು, 30 ಬೀಜಗಳನ್ನು ಒಂದು ರಾತ್ರಿ ತಣ್ಣೀರಿನಲ್ಲಿ ನೆನೆಸಿ, ತಾರಸಿಯ ಮೇಲೆ ಅಗಲವಾದ ಕುಂಡಗಳಲ್ಲಿ ಎರೆಮಣ್ಣು ತುಂಬಿ ಬಿತ್ತಿದೆ. ಎರಡು ತಿಂಗಳಲ್ಲಿ ಮೊಳೆತದ್ದು ಎರಡೇ, ಅವೂ ಬುಡ ಕಪ್ಪಾಗಿ ಮಲಗಿಬಿಟ್ಟವು. ದಿನಕ್ಕೆರಡು ಬಾರಿ ತಪ್ಪದೆ ನೀರು ಹಾಕುತ್ತಿದ್ದೆ. ಎಲ್ಲಿ ತಪ್ಪಿದೆನೆಂದು ತಿಳಿಯುತ್ತಿಲ್ಲ.

ಉತ್ತರ (ಚಿತ್ರದುರ್ಗ)

ನಿಮ್ಮ ಬೀಜಗಳಲ್ಲಿ ಹೆಚ್ಚಿನವು ಸತ್ತಿರಲಾರವು. ಜಾಲಿ ಬೀಜದ ಹೊರಸಿಪ್ಪೆ ನೀರನ್ನು ಒಳಗೆ ಬಿಡದಷ್ಟು ಗಟ್ಟಿ. ತಣ್ಣೀರಿನಲ್ಲಿ ಎಷ್ಟು ಹೊತ್ತು ನೆನೆಸಿದರೂ ಬಹುಪಾಲು ಬೀಜಗಳು ಉಬ್ಬುವುದೇ ಇಲ್ಲ, ಮಣ್ಣಿನಲ್ಲಿ ವರ್ಷಗಟ್ಟಲೆ ಹಾಗೆಯೇ ಮಲಗಿರಬಲ್ಲವು. ಆದ್ದರಿಂದ ಮೊದಲು ಆ ಸಿಪ್ಪೆಯನ್ನು ಒಡೆಯಬೇಕು. ಪಾತ್ರೆಯಲ್ಲಿ ನೀರು ಕುದಿಸಿ, ಒಲೆಯಿಂದ ಕೆಳಗಿಳಿಸಿದ ಮೇಲೆ ಬೀಜಗಳನ್ನು ಹಾಕಿ, ನೀರು ತಾನಾಗಿ ಆರುವಂತೆ ಮರುದಿನದವರೆಗೆ ಬಿಡಿ. ಒಲೆಯ ಮೇಲಿಟ್ಟು ಬೇಯಿಸಬಾರದು. ಉಬ್ಬಿದ ಬೀಜಗಳನ್ನು ಅಂದೇ ಬಿತ್ತಿ, ಉಬ್ಬದವನ್ನು ಮತ್ತೊಮ್ಮೆ ಹಾಗೆಯೇ ಮಾಡಿ.

ಬೀಜ ಕೆಲವೇ ಇದ್ದರೆ ನಾನು ಉಗುರು ಕತ್ತರಿಯನ್ನೇ ನಂಬುತ್ತೇನೆ. ಬೀಜವು ಕಾಯಿಗೆ ಅಂಟಿಕೊಂಡಿದ್ದ ಜಾಗದ ಬಳಿ ಮೊಳಕೆ ಇರುವುದರಿಂದ, ಅದರ ಎದುರು ತುದಿಯಲ್ಲಿ ಒಳಗಿನ ಬಿಳಿ ಭಾಗ ಇಣುಕುವಷ್ಟು ಮಾತ್ರ ಸಿಪ್ಪೆಯನ್ನು ಚಿವುಟಿ, ಆಮೇಲೆ ತಣ್ಣೀರಿನಲ್ಲಿ ಒಂದು ರಾತ್ರಿ ನೆನೆಸಿದರೆ ಸಾಕು. ಒಂದು ಸೆಂಟಿಮೀಟರ್ ಆಳಕ್ಕೆ ಬಿತ್ತಿದರೆ ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ಮೊಳೆಯುತ್ತವೆ.

ಉತ್ತರ (ಚಳ್ಳಕೆರೆ)

ಮೇಲಿನವರು ಹೇಳಿದ್ದು ಸರಿ. ನಮ್ಮ ಕಡೆ ಈ ಕೆಲಸವನ್ನು ಮೇಕೆಗಳೇ ಮಾಡುತ್ತವೆ: ಜಾಲಿಕಾಯಿ ತಿಂದ ಮೇಕೆಯ ಹೊಟ್ಟೆಯಲ್ಲಿ ಸಿಪ್ಪೆ ಸಡಿಲವಾಗುವುದರಿಂದ, ದೊಡ್ಡಿಯ ಕಸದಲ್ಲಿ ಸಿಗುವ ಬೀಜಗಳು ಮರದಿಂದ ಕಿತ್ತವುಗಳಿಗಿಂತ ಚೆನ್ನಾಗಿ ಹುಟ್ಟುತ್ತವೆ. ಬಿತ್ತುವ ಮೊದಲು ಪ್ರತಿ ಬೀಜವನ್ನೂ ನೋಡಿ. ಸಣ್ಣ ದುಂಡು ತೂತಿದ್ದರೆ ಒಳಗೆ ಹುಳು ತಿಂದಿದೆ ಎಂದರ್ಥ, ಅಂಥದನ್ನು ಬಿಸಾಡಿ. ಇನ್ನೊಂದು ಮಾತು: ತಂದದ್ದು ಕರಿಜಾಲಿಯೇ ಹೌದೇ? ಪ್ರತಿ ಬೀಜದ ನಡುವೆ ಸೊಂಟ ಹಿಡಿದಂತೆ ಕಿರಿದಾಗಿ, ಮಣಿಸರದ ಹಾಗೆ ಕಾಣುವ ಬೂದುಬಣ್ಣದ ಕಾಯಿ ಕರಿಜಾಲಿಯದು. ಹಳದಿ ಬಣ್ಣದ, ತಿಂದರೆ ಸಿಹಿಯಾದ ಕಾಯಿ ಬಳ್ಳಾರಿ ಜಾಲಿಯದು. ಹೆಸರಿಗೆ ಬಳ್ಳಾರಿಯಾದರೂ ಅದು ಅಮೆರಿಕ ಖಂಡದಿಂದ ಬಂದ ಬೇರೆಯೇ ಜಾತಿ, ಬದುವಿನಲ್ಲಿ ಒಮ್ಮೆ ಬೇರೂರಿದರೆ ಹೊಲವನ್ನೇ ನುಂಗುತ್ತದೆ.

ಪ್ರಶ್ನೆ ಕೇಳಿದವರು

ತುಂಬಾ ಧನ್ಯವಾದಗಳು. ಕಾಯಿ ಮಣಿಸರದಂತೆಯೇ ಇತ್ತು, ಹಾಗಾಗಿ ಆ ಚಿಂತೆಯಿಲ್ಲ. ಉಳಿದ ಬೀಜಗಳನ್ನು ಚಿವುಟಿ ಬಿತ್ತುತ್ತೇನೆ. ಆದರೆ ಮೊಳೆತ ಎರಡೂ ಸತ್ತದ್ದು ಏಕೆ? ಒಂದು ಮರವನ್ನು ತಾರಸಿಯ ಮೇಲೆಯೇ ಕುಂಡದಲ್ಲಿ ಉಳಿಸಿಕೊಳ್ಳಬಹುದೇ?

ಉತ್ತರ (ಹಿರಿಯೂರು)

ಎರೆಮಣ್ಣು ಮತ್ತು ದಿನಕ್ಕೆರಡು ಬಾರಿಯ ನೀರು, ಇವೆರಡೂ ಸೇರಿ ಬುಡ ಕೊಳೆತಿದೆ. ಎರಡು ಪಾಲು ಕೆಂಪು ಮಣ್ಣಿಗೆ ಒಂದು ಪಾಲು ಮರಳು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿ, ಮೇಲ್ಮಣ್ಣು ಒಣಗಿದ ನಂತರವೇ ನೀರು ಕೊಡಿ. ಸಾಧ್ಯವಾದರೆ ಬೆಳೆದ ಜಾಲಿ ಮರದ ಬುಡದ ಮಣ್ಣನ್ನು ಒಂದು ಹಿಡಿ ಸೇರಿಸಿ. ಗಾಳಿಯ ಸಾರಜನಕವನ್ನು ಹಿಡಿದುಕೊಡುವ ಬ್ಯಾಕ್ಟೀರಿಯಾ ಆ ಮಣ್ಣಿನಲ್ಲಿದ್ದು, ಎಳೆ ಬೇರಿನಲ್ಲಿ ಗಂಟು ಕಟ್ಟುತ್ತದೆ.

ಅಗಲವಾದ ಕುಂಡ ಈ ಗಿಡಕ್ಕೆ ಹೊಂದುವುದಿಲ್ಲ. ಮೇಲೆ ಒಂದು ಗೇಣು ಬೆಳೆಯುವಷ್ಟರಲ್ಲಿ ತಾಯಿಬೇರು ಅದಕ್ಕಿಂತ ಆಳಕ್ಕೆ ಇಳಿದಿರುತ್ತದೆ. ತಳ ಮುಟ್ಟಿದರೆ ಸುರುಳಿ ಸುತ್ತಿಕೊಳ್ಳುತ್ತದೆ, ಹಾಗೆ ಸುತ್ತಿದ ಬೇರಿನ ಸಸಿಯನ್ನು ಹೊಲದಲ್ಲಿ ನೆಟ್ಟರೂ ನೇರವಾಗಿ ಕೆಳಗಿಳಿಯುವುದು ಕಷ್ಟ. ಆದ್ದರಿಂದ ಉದ್ದನೆಯ ಪಾಲಿಥಿನ್ ಚೀಲದಲ್ಲಿ, ಒಂದೊಂದರಲ್ಲಿ ಎರಡು ಬೀಜದಂತೆ ನೇರವಾಗಿ ಬಿತ್ತಿ, ಬಲವಾದ ಸಸಿಯನ್ನು ಉಳಿಸಿ ಇನ್ನೊಂದನ್ನು ಕತ್ತರಿಸಿ. ಕುಂಡದಲ್ಲಿ ಉಳಿಸಿಕೊಳ್ಳುವ ಗಿಡವು ಬೇರು ಮತ್ತು ರೆಂಬೆಗಳನ್ನು ಆಗಾಗ ಸವರುತ್ತಿದ್ದರೆ ಬದುಕುತ್ತದೆ, ಆದರೆ ಅದು ಬದುವಿನ ಮರವಾಗುವುದಿಲ್ಲ. ಎಳೆಯ ಗಿಡಕ್ಕೆ ಉದ್ದನೆಯ ಬಿಳಿಮುಳ್ಳು ಬರುವುದರಿಂದ ಮಕ್ಕಳು ಆಡುವ ಕಡೆ ಇಡಬೇಡಿ.

ಈಗ ಬಿತ್ತಿದ ಸಸಿಗಳನ್ನು ಮುಂದಿನ ಮುಂಗಾರಿನ ಮೊದಲ ಹದಮಳೆಗೆ ಬದುವಿಗೆ ಒಯ್ಯಿರಿ. ನೆಟ್ಟ ದಿನವೇ ಸುತ್ತಲೂ ಮುಳ್ಳುಬೇಲಿ ಹಾಕಿ. ಎಳೆಯ ಜಾಲಿಯನ್ನು ಮೇಕೆಗಳು ಬಿಡುವುದಿಲ್ಲ.