ರೈಸ್ ಗ್ಲಾಡಿಯೇಟರ್ ಮೋಡ್: ನಾಲ್ಕೈದು ಜನ ಸುತ್ಕೊಂಡ್ರೆ ಏನ್ ಮಾಡ್ತೀರಾ?

ರಾತ್ರಿಪಾಳಿ:
ನಮಸ್ಕಾರ ಎಲ್ರಿಗೂ. ರೈಸ್ ಸನ್ ಆಫ್ ರೋಮ್ ಸೇಲ್‌ನಲ್ಲಿ ತಗೊಂಡೆ, 2013ರಲ್ಲಿ ಎಕ್ಸ್‌ಬಾಕ್ಸ್ ಒನ್ ಜೊತೆಗೇ ಬಂದ ಗೇಮು ಆದ್ರೂ ಗ್ರಾಫಿಕ್ಸ್ ಈಗ್ಲೂ ಕಣ್ಣಿಗೆ ಹಬ್ಬ. ಕಥೆ ಮುಗೀತು, ಈಗ ಹುಬ್ಳಿಯಲ್ಲಿರೋ ತಮ್ಮನ ಜೊತೆ ಗ್ಲಾಡಿಯೇಟರ್ ಮೋಡ್ (ಇಬ್ರು ಸೇರ್ಕೊಂಡು ಅಖಾಡದಲ್ಲಿ ಶತ್ರುಗಳ ಜೊತೆ ಕಾದಾಡೋದು) ಆಡ್ತಿದೀನಿ. ಒಬ್ಬಿಬ್ರು ಬಂದ್ರೆ ಪರ್ವಾಗಿಲ್ಲ, ನಾಲ್ಕೈದು ಜನ ಸುತ್ಕೊಂಡ್ರೆ ಎಕ್ಸ್ ಬಟನ್ ಕುಟ್ಟಿ ಕುಟ್ಟಿ ಸಾಯೋದೇ ಆಯ್ತು, ಗುರಾಣಿ ಹಿಡ್ದವನಿಗೆ ಏಟೇ ಬೀಳಲ್ಲ, ಎರಡು ಕತ್ತಿಯವನಂತೂ ಉಸಿರಾಡೋಕೇ ಬಿಡಲ್ಲ. ಇನ್ನೊಂದು, ರೋಮ್‌ನ ನಿಜವಾದ ಅಖಾಡ ಕೊಲಿಸಿಯಮ್‌ನಲ್ಲೂ ಗ್ಲಾಡಿಯೇಟರ್‌ಗಳು (ಜನರೆದುರು ಕಾದಾಡೋ ಕಾಳಗದವ್ರು) ಹೀಗೆ ಹಿಂಡು ಹಿಂಡಾಗಿ ಬಂದು ಸಾಯ್ತಿದ್ರಾ?

ಗುರಾಣಿಗೌಡ:
ಗುರು, ಮೊದ್ಲು ಕುಟ್ಟೋದು ನಿಲ್ಸು. ಈ ಗೇಮಲ್ಲಿ ಎ ಬಟನ್ನೇ ದೇವ್ರು, ಏಟು ಬೀಳೋ ಹೊತ್ತಿಗೆ ಸರಿಯಾಗಿ ಒತ್ತಿದ್ರೆ ಅವನ ತೋಳು ಆಚೆ ಹೋಗುತ್ತೆ, ಆಗ ಎಕ್ಸ್ ಹಾಕು. ಗುರಾಣಿಯವನಿಗೆ ಕತ್ತಿ ಬೀಸ್ಬೇಡ, ವೈ ಒತ್ತಿ ನಿನ್ನ ಗುರಾಣಿಯಿಂದ ಗುದ್ದು, ಗಾರ್ಡ್ ಬಿಟ್ಟ ಮೇಲೆ ಕತ್ತಿ. ಎರಡು ಕತ್ತಿಯವನು ಒಂದೇ ಏಟಿಗೆ ನಿಲ್ಸಲ್ಲ, ಸಾಲಾಗಿ ಹಾಕ್ತಾನೆ, ಪ್ರತಿಯೊಂದಕ್ಕೂ ಬೇರೆ ಬೇರೆಯಾಗಿ ತಡೀಬೇಕು, ಲಯ ಸಿಗೋವರೆಗೂ ಎರಡು ಮೂರು ಸಲ ಸಾಯ್ತೀಯ ಅದಕ್ಕೆ ಬೇಜಾರಾಗ್ಬೇಡ. ತಲೆ ಮೇಲೆ ಬುರುಡೆ ಗುರುತು ಬಂದ ತಕ್ಷಣ ಎಕ್ಸಿಕ್ಯೂಶನ್ (ಮುಗಿಸೋ ಕೊನೇ ಏಟು) ಮಾಡು, ಅದಕ್ಕೂ ಮುಂಚೆ ಡಿ-ಪ್ಯಾಡ್‌ನಲ್ಲಿ ಹೆಲ್ತ್ ಆರಿಸ್ಕೊಂಡಿರು, ಆಗ ಎಕ್ಸಿಕ್ಯೂಶನ್‌ಗೆ ನಿನ್ನ ಹೆಲ್ತ್ ವಾಪಸ್ ತುಂಬುತ್ತೆ. ತುಂಬಾ ಜನ ಮೈಮೇಲೆ ಬಿದ್ರೆ ಮಾತ್ರ ಫೋಕಸ್ (ಶತ್ರುಗಳನ್ನ ನಿಧಾನ ಮಾಡೋ ಶಕ್ತಿ) ಬಳ್ಸು.

ಹಳೇರೋಮು:
ನಿಮ್ಮ ಎರಡನೇ ಪ್ರಶ್ನೆ ನಂಗೆ ತುಂಬಾ ಇಷ್ಟವಾದ ವಿಷಯ. ಮಾಮೂಲಾಗಿ ಜೋಡಿ ಕಾಳಗ, ನಮ್ಮ ಕುಸ್ತಿ ಅಖಾಡದ ಥರ, ನಡುವೆ ಕೋಲು ಹಿಡ್ದ ರೆಫರಿ ಬೇರೆ ಇರ್ತಿದ್ದ. ಜೋಡಿ ಕಟ್ಟೋದ್ರಲ್ಲೇ ಇತ್ತು ಮಜಾ: ಬಲೆ ತ್ರಿಶೂಲ ಹಿಡ್ದ ರೆಟಿಯಾರಿಯಸ್‌ಗೆ ಎದುರಾಗಿ ಕತ್ತಿ ಗುರಾಣಿ ಹಿಡ್ದ ಸೆಕ್ಯೂಟರ್. ಬಲೆ ಸಿಕ್ಕಿಕೊಳ್ಳದೇ ಇರ್ಲಿ ಅಂತ ಇವನ ಹೆಲ್ಮೆಟ್ ನುಣ್ಣಗೆ, ತ್ರಿಶೂಲದ ಮೊನೆ ತೂರದೇ ಇರ್ಲಿ ಅಂತ ಕಣ್ಣಿಗೆ ಎರಡೇ ಸಣ್ಣ ತೂತು, ಆದ್ರೆ ಒಳಗೆ ಉಸಿರು ಕಟ್ತಿತ್ತು, ಹಾಗಾಗಿ ಬೇಗ ಮುಗಿಸ್ಲೇಬೇಕು. ಬಲೆಯವನು ಮೈಮೇಲೆ ಭಾರ ಇಲ್ದೆ ಓಡಾಡಿ ಸುಸ್ತು ಮಾಡ್ತಿದ್ದ. ಸಾಯಿಸೋದು ದುಬಾರಿ ವ್ಯವಹಾರ ಕೂಡ. ಗಾಯಸ್ ಅನ್ನೋ ರೋಮನ್ ಕಾನೂನು ಪಂಡಿತ ಬರ್ದಿರೋ ಲೆಕ್ಕ ಇದೆ, ಗ್ಲಾಡಿಯೇಟರ್‌ನ ಕರ್ಸ್ಕೊಂಡವನು ಅವನ ಮಾಲೀಕನಿಗೆ ಕೊಡೋದು, ಸುರಕ್ಷಿತವಾಗಿ ವಾಪಸ್ ಬಂದ್ರೆ 20 ಡೆನಾರಿ (ರೋಮನ್ ಬೆಳ್ಳಿ ನಾಣ್ಯ), ಸತ್ರೆ ಅಥವಾ ಅಂಗ ಊನ ಆದ್ರೆ 1000. ಸಿಸಿಲಿಯಲ್ಲಿ ಸಿಕ್ಕ ಫ್ಲಾಮಾ ಅನ್ನೋ ಸೆಕ್ಯೂಟರ್‌ನ ಸಮಾಧಿ ಕಲ್ಲು ನೋಡಿ: 34 ಕಾಳಗ, 21 ಗೆಲುವು, 9 ಸಮ, 4 ಸಲ ಸೋತ್ರೂ ಪ್ರಾಣ ಉಳೀತು, 30 ವರ್ಷಕ್ಕೆ ತೀರ್ಕೊಂಡ.
ಮತ್ತೆ ಗೇಮಲ್ಲಿ ಕೊಮೊಡಸ್ ರೋಮ್ ದೊರೆ ನೀರೋ ಮಗ ಅಂತಾರಲ್ಲ, ಅದು ಸುಳ್ಳು. ನೀರೋ ಸತ್ತಿದ್ದು ಕ್ರಿ.ಶ. 68, ಕೊಲಿಸಿಯಮ್ ಶುರುವಾಗಿದ್ದು 80ರಲ್ಲಿ, ಕೊಮೊಡಸ್ ಹುಟ್ಟಿದ್ದೇ 161ರಲ್ಲಿ, ಅವನ ಅಪ್ಪ ಮಾರ್ಕಸ್ ಔರೇಲಿಯಸ್. ಆದ್ರೆ ದೊರೆ ಕೊಮೊಡಸ್ ತಾನೇ ಅಖಾಡಕ್ಕೆ ಇಳೀತಿದ್ದ ಅನ್ನೋದು ನಿಜ.

ಬೆಣ್ಣೆದೋಸೆ:
ಹಳೇರೋಮು ಹೇಳಿದ್ದು ಓದಿದ ಮೇಲೆ ನಂಗೆ ಈ ಗೇಮ್ ಮೇಲಿದ್ದ ಸಿಟ್ಟಿಗೆ ಕಾರಣ ಸಿಕ್ತು. ಎಕ್ಸಿಕ್ಯೂಶನ್‌ನಲ್ಲಿ ತಪ್ಪು ಬಟನ್ ಒತ್ತಿದ್ರೂ ಎದುರಾಳಿ ಸಾಯ್ತಾನೆ, ಪಾಯಿಂಟ್ ಕಮ್ಮಿ ಬರುತ್ತೆ ಅಷ್ಟೇ. ನಿಜವಾದ ಕಾಳಗದಲ್ಲಿ ಬಿದ್ದವನನ್ನ ಬಿಡೋದಾ ಬೇಡ್ವಾ ಅಂತ ಜನರ ಕಡೆ ತಿರುಗಿ ನೋಡೋ ಆ ಒಂದು ಕ್ಷಣ ಇತ್ತಲ್ಲ, ಅದನ್ನ ಆಡೋಕೆ ಕೊಟ್ಟಿದ್ರೆ ಬೇರೇನೇ ಆಗಿರ್ತಿತ್ತು. ಗೇಮಲ್ಲಿ ನೆಲ ಏಳೋದು, ಅಖಾಡ ಕಣ್ಣೆದುರೇ ಕಾಡಾಗೋದು ಎಲ್ಲಾ ಚೆನ್ನಾಗಿದೆ, ಅದಕ್ಕೆ ಪೂರ್ತಿ ಮಾರ್ಕ್ಸ್.

ರಾತ್ರಿಪಾಳಿ:
ಗೌಡ್ರೇ ಥ್ಯಾಂಕ್ಸ್, ನಿನ್ನೆ ಕುಟ್ಟೋದು ಬಿಟ್ಟು ಎ ಒತ್ತಿ ಕಾಯೋಕೆ ಶುರು ಮಾಡಿದ್ವಿ, ಮೊದಲನೇ ಸಲ ಒಂದು ಮ್ಯಾಪ್ ಇಬ್ರೂ ಉಳ್ಕೊಂಡು ಮುಗಿಸಿದ್ವಿ. ಫ್ಲಾಮಾ ಕಥೆ ತಮ್ಮಂಗೆ ಹೇಳ್ದೆ, ಅವ್ನು ಈಗ ನಮ್ದೂ ಗೆಲುವು ಸೋಲು ಪುಸ್ತಕದಲ್ಲಿ ಬರ್ದಿಡ್ತಿದಾನೆ. ಎರಡು ಕತ್ತಿಯವನ ಕೊನೇ ಏಟು ಇನ್ನೂ ಸಿಗ್ತಿಲ್ಲ, ಇವತ್ತು ಮತ್ತೆ ಕೂರ್ತೀವಿ.